ಹೀತ್‌ಕ್ಲಿಫ್‌ಗೆ ಇನಿಷಿಯಲ್ ಇಲ್ಲ

‘ವುದರಿಂಗ್ ಹೈಟ್ಸ್’ ಅನ್ನುವ ಹಳೇ ಇಂಗ್ಲಿಷ್ ಕಾದಂಬರಿ ಮತ್ತೆ ಸಿನಿಮಾ ಆಗುತ್ತಿತ್ತು, ಅದರ ನಟರು ಯಾರು ಅನ್ನುವ ಸುದ್ದಿ 2024ರ ಸೆಪ್ಟೆಂಬರ್‌ನಲ್ಲಿ ಬಂತು. ನಿರ್ದೇಶಕಿ ಎಮರಾಲ್ಡ್ ಫೆನೆಲ್. ಕ್ಯಾಥರಿನ್ ಪಾತ್ರಕ್ಕೆ ಮಾರ್ಗೊ ರಾಬಿ, ಹೀತ್‌ಕ್ಲಿಫ್ ಪಾತ್ರಕ್ಕೆ ಜೇಕಬ್ ಎಲೋರ್ಡಿ. ಅವತ್ತಿಂದಲೇ ಗಲಾಟೆ ಶುರು. ಕಾದಂಬರಿಯಲ್ಲಿ ಹೀತ್‌ಕ್ಲಿಫ್ ಕಪ್ಪು ಮೈಬಣ್ಣದವನು, ಬಿಳಿಯ ನಟನನ್ನು ಯಾಕೆ ಹಾಕಿಕೊಂಡರು ಅಂತ. ನಾನು ಕೋಲಾರದಲ್ಲಿ ಡಿಗ್ರಿ ಹುಡುಗರಿಗೆ ಇಂಗ್ಲಿಷ್ ಪಾಠ ಮಾಡುವವಳು. ಕ್ಲಾಸಿನಲ್ಲಿ ಈ ವಿಷಯ ಎತ್ತಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ತಲೆ ಎತ್ತದೆ ಹೇಳಿದ: “ನಮ್ಮೂರಲ್ಲಿ ಆಗಿದ್ರೆ ಬಣ್ಣ ಯಾರು ಕೇಳ್ತಿದ್ರು ಮೇಡಂ? ಯಾರ ಪೈಕಿ ಅಂತ ಕೇಳ್ತಿದ್ರು.”

ಕ್ಲಾಸು ಗಪ್‌ಚುಪ್ ಆಯಿತು. ನಮ್ಮ ಅರ್ಧ ಗಂಟೆಯ ಸಿನಿಮಾ ಹುಟ್ಟಿದ್ದು ಆ ಮಾತಿನಿಂದ.

ಕಾದಂಬರಿ ಓದದವರಿಗೆ ನಾಲ್ಕು ಮಾತು. ಎಮಿಲಿ ಬ್ರಾಂಟೆ ಇದನ್ನು 1847ರಲ್ಲಿ ಎಲ್ಲಿಸ್ ಬೆಲ್ ಅನ್ನುವ ಹೆಸರಲ್ಲಿ ಪ್ರಕಟಿಸಿದರು. ಮರುವರ್ಷವೇ ತೀರಿಕೊಂಡರು. ಆಗ ವಯಸ್ಸು 30. ಪ್ರಕಟವಾದ ಕಾದಂಬರಿ ಇದೊಂದೇ. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಬೋಳುಗುಡ್ಡದ ಮೇಲೆ ಒಂದು ಮನೆ. ಮನೆ ಯಜಮಾನ ಲಿವರ್‌ಪೂಲ್‌ಗೆ ಹೋಗಿ ಬರುವಾಗ ಬೀದಿಯಲ್ಲಿ ಸಿಕ್ಕ ಅನಾಥ ಹುಡುಗನನ್ನು ಕರೆತರುತ್ತಾನೆ. ಅವನೇ ಹೀತ್‌ಕ್ಲಿಫ್. ಮಗಳು ಕ್ಯಾಥರಿನ್‌ಗೂ ಅವನಿಗೂ ಬಿಡಿಸಲಾಗದ ನಂಟು. ಮಗ ಹಿಂಡ್ಲಿಗೆ ಅವನನ್ನು ಕಂಡರೆ ಆಗಲ್ಲ. ಅಪ್ಪ ಸತ್ತ ಮೇಲೆ ಹಿಂಡ್ಲಿ ಅವನನ್ನು ಮನೆಯಾಳು ಮಾಡುತ್ತಾನೆ. ಕ್ಯಾಥರಿನ್ ಪಕ್ಕದ ಶ್ರೀಮಂತರ ಮನೆಯ ಎಡ್ಗರ್‌ನನ್ನು ಮದುವೆಯಾಗಲು ಒಪ್ಪುತ್ತಾಳೆ. ಹೀತ್‌ಕ್ಲಿಫ್ ಊರು ಬಿಡುತ್ತಾನೆ. ಮೂರು ವರ್ಷದ ಮೇಲೆ ಕೈತುಂಬ ದುಡ್ಡು ಮಾಡಿಕೊಂಡು ಬರುತ್ತಾನೆ. ಜೂಜಿಗೆ ಬಿದ್ದ ಹಿಂಡ್ಲಿಗೆ ಸಾಲ ಕೊಟ್ಟು ಕೊಟ್ಟು ಮನೆಯನ್ನೇ ತನ್ನದು ಮಾಡಿಕೊಳ್ಳುತ್ತಾನೆ. ಆಮೇಲೆ ಎಡ್ಗರ್ ಮನೆಯನ್ನೂ.

ಎಲ್ಲರೂ ಇದನ್ನು ದೊಡ್ಡ ಪ್ರೇಮಕಥೆ ಅಂತಾರೆ. ಇರಬಹುದು. ನನಗಂತೂ ಇದು ಯಾರನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ, ಎಲ್ಲಿಯವರೆಗೆ ಬಿಟ್ಟುಕೊಳ್ಳುತ್ತಾರೆ ಅನ್ನುವ ಕಥೆ. ಮತ್ತೆ ಆ ಮನೆ ಕೊನೆಗೆ ಯಾರ ಹೆಸರಿಗೆ ಆಗುತ್ತೆ ಅನ್ನುವ ಕಥೆ. ಕೋಲಾರಕ್ಕೆ ಇದಕ್ಕಿಂತ ಹೊಂದುವ ಕಥೆ ಬೇರೆ ಬೇಕಾ?

ಹಕ್ಕಿನ ತಾಪತ್ರಯ ಇರಲಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆದ ಮೇಲೆ ಕೃತಿ ಎಲ್ಲರದು. ಬ್ರಾಂಟೆ ಹೋಗಿ ಒಂದೂಮುಕ್ಕಾಲು ಶತಮಾನ ಆಯಿತು. ಅನುವಾದಗಳಿಗೆ ಬೇರೆ ಹಕ್ಕು ಇರುತ್ತೆ. ಅದಕ್ಕೇ ನಾವು ಯಾವ ಅನುವಾದವನ್ನೂ ಮುಟ್ಟದೆ ಇಂಗ್ಲಿಷ್ ಪುಸ್ತಕದಿಂದಲೇ ಕೆಲಸ ಮಾಡಿದೆವು.

ನಮ್ಮ ತಂಡ ಅಂದರೆ ನನ್ನ ಹಳೇ ವಿದ್ಯಾರ್ಥಿಗಳು ಕೆಲವರು, ತೇರಹಳ್ಳಿ ಬೆಟ್ಟದ ಮೇಲಿನ ಆದಿಮ ಸಾಂಸ್ಕೃತಿಕ ಕೇಂದ್ರದ ಹುಣ್ಣಿಮೆ ಹಾಡು ಕಾರ್ಯಕ್ರಮಗಳಿಗೆ ತಪ್ಪದೆ ಹೋಗುವ ಒಬ್ಬ ಮೇಷ್ಟ್ರು, ಮತ್ತೆ ಮದುವೆ ವಿಡಿಯೋ ಮಾಡುವ ಒಬ್ಬ ಅಣ್ಣ. ಕ್ಯಾಮೆರಾ ಅವರದ್ದೇ. ಡ್ರೋನೂ ಅವರದ್ದೇ. ಆ ಡ್ರೋನ್‌ನಿಂದ ನಾನು ಪಟ್ಟ ಪಾಡು ಮುಂದೆ ಬರುತ್ತೆ.

ಮೊದಲು ಹಳೆಯ ಸಿನಿಮಾಗಳನ್ನು ನೋಡಿದೆವು. 1939ರ ಹಾಲಿವುಡ್ ಚಿತ್ರದಲ್ಲಿ ಲಾರೆನ್ಸ್ ಒಲಿವಿಯರ್ ಹೀತ್‌ಕ್ಲಿಫ್, ಮರ್ಲ್ ಒಬೆರಾನ್ ಕ್ಯಾಥರಿನ್. ಒಬೆರಾನ್ ಹುಟ್ಟಿದ್ದು ಬೊಂಬಾಯಿಯಲ್ಲಿ. ತಾಯಿಯ ಕಡೆಯಿಂದ ಏಷ್ಯಾದ ರಕ್ತ. ಅದು ಗೊತ್ತಾದರೆ ಹಾಲಿವುಡ್‌ನಲ್ಲಿ ಅವಕಾಶ ಇರಲ್ಲ ಅಂತ ತಾನು ಟಾಸ್ಮೇನಿಯಾದವಳು ಅಂತಲೇ ಹೇಳಿಕೊಂಡು ಬದುಕಿದ ನಟಿ. ಕಾದಂಬರಿಯಲ್ಲಿ ಗುಟ್ಟಾಗಿ ಉಳಿಯುವುದು ಹೀತ್‌ಕ್ಲಿಫ್‌ನ ಹುಟ್ಟು. ಆ ಚಿತ್ರದಲ್ಲಿ ಹುಟ್ಟನ್ನು ಬಚ್ಚಿಟ್ಟುಕೊಂಡು ನಿಂತವಳು ಕ್ಯಾಥರಿನ್! ಇದನ್ನು ಹೇಳಿದಾಗ ಹುಡುಗರು ಸಿನಿಮಾವನ್ನು ಎರಡನೇ ಸಲ ಹಾಕಿಸಿದರು.

ಅದೇ ಚಿತ್ರದ ಬೋಳುಗುಡ್ಡ ಕೂಡ ಯಾರ್ಕ್‌ಶೈರ್ ಅಲ್ಲ, ಕ್ಯಾಲಿಫೋರ್ನಿಯಾ. 1954ರಲ್ಲಿ ನಿರ್ದೇಶಕ ಬುನುಯೆಲ್ ಇದೇ ಕಥೆಯನ್ನು ಮೆಕ್ಸಿಕೊಗೆ ತಂದರು. 1988ರಲ್ಲಿ ಯೊಶಿದಾ ಜಪಾನಿಗೆ ತಂದರು. 1966ರಲ್ಲಿ ದಿಲೀಪ್ ಕುಮಾರ್, ವಹೀದಾ ರೆಹಮಾನ್ ಇದ್ದ ‘ದಿಲ್ ದಿಯಾ ದರ್ದ್ ಲಿಯಾ’ ಕೂಡ ಇದೇ ಕಥೆ. “ಅಷ್ಟು ಊರು ಸುತ್ತಿರೋನು ಕೋಲಾರಕ್ಕೆ ಬಂದ್ರೆ ಏನು ತಪ್ಪು?” ಅಂದರು ಮೇಷ್ಟ್ರು. ಆಯಿತು, ಬಾ ಅಂದೆವು.

ನಮಗೆ ನಿಜವಾಗಿ ದಾರಿ ತೋರಿಸಿದ್ದು ಆಂಡ್ರಿಯಾ ಆರ್ನಲ್ಡ್ ಅವರ 2011ರ ಚಿತ್ರ. ಅದರಲ್ಲಿ ಹೀತ್‌ಕ್ಲಿಫ್ ಕಪ್ಪು ಹುಡುಗ. ದೊಡ್ಡವನಾದ ಹೀತ್‌ಕ್ಲಿಫ್ ಪಾತ್ರ ಮಾಡಿದ ಜೇಮ್ಸ್ ಹೌಸನ್ ಅದಕ್ಕೆ ಮುಂಚೆ ಸಿನಿಮಾ ನಟನೇ ಅಲ್ಲ. ಪರದೆ ಅಗಲವಿಲ್ಲ, ಹಳೇ ಟಿವಿಯ ಹಾಗೆ ಚೌಕ. ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ, ಕೊನೆಯಲ್ಲಿ ಒಂದು ಹಾಡು ಅಷ್ಟೇ. ಉಳಿದಂತೆ ಗಾಳಿ, ಕೆಸರು, ಉಸಿರು. ಮಾತು ಕಡಿಮೆ. ರಾಬಿ ರಯಾನ್ ಅವರ ಛಾಯಾಗ್ರಹಣಕ್ಕೆ ವೆನಿಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ನಮ್ಮ ಕ್ಯಾಮೆರಾ ಅಣ್ಣ ಮಾತ್ರ ನೋಡಿ ಮುಖ ಗಂಟು ಹಾಕಿದರು. “ಏನ್ ಮೇಡಂ, ಫೋಕಸ್ಸೇ ಇಲ್ಲ.” ಮಾರನೇ ದಿನ ಫೋನ್ ಮಾಡಿ, “ಅದರ ಲಿಂಕ್ ಕಳ್ಸಿ, ಇನ್ನೊಂದು ಸಲ ನೋಡ್ಬೇಕು” ಅಂದರು.

ಪುಸ್ತಕದಲ್ಲಿ 34 ಅಧ್ಯಾಯ. ಎರಡು ತಲೆಮಾರು. ಅಮ್ಮನೂ ಕ್ಯಾಥರಿನ್, ಮಗಳೂ ಕ್ಯಾಥರಿನ್. ಬೋರ್ಡಿನ ಮೇಲೆ ವಂಶವೃಕ್ಷ ಬರೆದುಕೊಂಡೇ ಓದಿದೆವು. ಎರಡನೇ ತಲೆಮಾರನ್ನು ಪೂರ್ತಿ ಬಿಟ್ಟೆವು. 1939ರಲ್ಲೂ ಬಿಟ್ಟಿದ್ದಾರೆ, 2011ರಲ್ಲೂ ಬಿಟ್ಟಿದ್ದಾರೆ, ನಮಗೇನು ಸಂಕೋಚ. ಇಡೀ ಕಥೆ ಹೇಳುವ ಮನೆಗೆಲಸದ ನೆಲ್ಲಿಯನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. ಅವಳು ನಮ್ಮಲ್ಲಿ ಲಚ್ಚುಮಕ್ಕ ಆದಳು.

ತಲೆ ಕೆಟ್ಟಿದ್ದು ಆ ಹುಡುಗನ ವಿಷಯದಲ್ಲಿ. ಕಾದಂಬರಿಯಲ್ಲಿ ಯಜಮಾನ ಲಿವರ್‌ಪೂಲ್‌ನಿಂದ ಅವನನ್ನು ತರುತ್ತಾನೆ. ಮಗನಿಗೆ ಪಿಟೀಲು, ಮಗಳಿಗೆ ಚಾಟಿ ತರುತ್ತೇನೆ ಅಂತ ಹೋಗಿರುತ್ತಾನೆ. ಬಂದಾಗ ಪಿಟೀಲು ಪುಡಿಪುಡಿ, ಚಾಟಿ ಕಳೆದುಹೋಗಿದೆ, ಕೋಟಿನೊಳಗೆ ಕೊಳಕು ಹುಡುಗ. ನಾವು ಬಂಗಾರಪೇಟೆ ಜಂಕ್ಷನ್ ಅಂತ ಮಾಡಿದೆವು. 2001ರಲ್ಲಿ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಜನ ಕೆಲಸ ಹುಡುಕಿಕೊಂಡು ದಿನಾ ಬೆಂಗಳೂರಿನ ರೈಲು ಹತ್ತುವುದು ಇದೇ ದಾರಿಯಲ್ಲಿ. ಒಂದು ಮಗು ತಪ್ಪಿಹೋಗಲು, ಅಥವಾ ಬಿಟ್ಟುಹೋಗಲು, ಅದಕ್ಕಿಂತ ಸರಿಯಾದ ಜಾಗ ಸಿಗಲಿಲ್ಲ.

ಆದರೆ ಪುಸ್ತಕದಲ್ಲಿ ಆ ಹುಡುಗ ಯಾರಿಗೂ ತಿಳಿಯದ ಭಾಷೆಯಲ್ಲಿ ಬಡಬಡಿಸುತ್ತಾನೆ. ಕೋಲಾರದಲ್ಲಿ ಯಾರಿಗೂ ತಿಳಿಯದ ಭಾಷೆ ಯಾವುದು? ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕೆಜಿಎಫ್ ಕಡೆ ತಮಿಳು, ಮಂಡಿಯಲ್ಲಿ ಉರ್ದು. ಮೂರು ಭಾಷೆ ಬರದವರು ನಮ್ಮಲ್ಲಿ ಚೀಟಿ ವ್ಯವಹಾರ ಮಾಡಲಿಕ್ಕಾಗಲ್ಲ. ಒಡಿಯಾ ಇರಲಿ ಅಂದರು ಒಬ್ಬರು. ನರಸಾಪುರದ ಫ್ಯಾಕ್ಟರಿಗಳಿಂದಾಗಿ ಅದೂ ಈಗ ಕಿವಿಗೆ ಹೊಸದಲ್ಲ. ಕೊನೆಗೆ ಹುಡುಗ ಮಾತೇ ಆಡುವುದಿಲ್ಲ ಅಂತ ಮಾಡಿದೆವು. ಬಾಯಿ ಬಿಟ್ಟರೆ ಯಾವ ಕಡೆಯವನು ಅಂತ ಗೊತ್ತಾಗುತ್ತೆ. ಅದು ಅವನಿಗೂ ಗೊತ್ತು. ಸಿನಿಮಾದ ಮೊದಲ ಕಾಲು ಭಾಗ ಅವನು ಸುಮ್ನೆ ನೋಡುತ್ತಾನೆ, ಸುತ್ತಲಿನವರು “ಯಾರ ಪೈಕಿಯಪ್ಪಾ ನೀನು?” ಅಂತ ಒಂದೊಂದು ಭಾಷೆಯಲ್ಲಿ ಕೇಳುತ್ತಾ ಹೋಗುತ್ತಾರೆ.

ಹೆಸರೂ ಹಾಗೇ. ಪುಸ್ತಕದಲ್ಲಿ ಹೀತ್‌ಕ್ಲಿಫ್ ಅನ್ನುವುದು ಆ ಮನೆಯಲ್ಲಿ ಸತ್ತುಹೋದ ಮಗನ ಹೆಸರು. ಅದನ್ನೇ ಇವನಿಗೆ ಇಟ್ಟರು. ಮುಂದೆಯೂ ಅದೇ, ಹಿಂದೆಯೂ ಅದೇ. ಮನೆತನದ ಹೆಸರು ಕೊಡಲಿಲ್ಲ. ನಮ್ಮವನು ಮುನಿರಾಜು. ಕೋಲಾರದಲ್ಲಿ ಮುನಿ ಅಂತ ಶುರುವಾಗುವ ಹೆಸರು ಎಲ್ಲಾ ಜಾತಿಯಲ್ಲೂ ಸಿಗುತ್ತೆ, ಹೆಸರಿನಿಂದ ಏನೂ ಗೊತ್ತಾಗಲ್ಲ. ಸ್ಕೂಲಿಗೆ ಸೇರಿಸುವಾಗ ಇನಿಷಿಯಲ್ ಏನು ಅಂತ ಕೇಳುತ್ತಾರೆ. ಯಜಮಾನ ಸ್ವಲ್ಪ ಹೊತ್ತು ಯೋಚಿಸಿ “ಬರೀ ಮುನಿರಾಜು ಅಂತ ಬರ್ಕೊಳಿ ಸಾರ್” ಅನ್ನುತ್ತಾನೆ. ಇಷ್ಟೇ ಸೀನ್. ಅವನ ಜಾತಿಯನ್ನು ಸಿನಿಮಾದಲ್ಲಿ ಬಾಯಿಬಿಟ್ಟು ಹೇಳಬೇಕಾ ಬೇಡವಾ ಅಂತ ವಾರಗಟ್ಟಲೆ ಜಗಳ ಆಗಿತ್ತು. ಹೇಳದಿದ್ದರೆ ಜಾರಿಕೊಂಡ ಹಾಗೆ ಅಂತ ಮೇಷ್ಟ್ರ ವಾದ. ಬ್ರಾಂಟೆ ಕೂಡ ಹೇಳಲಿಲ್ಲ, ಸುತ್ತಲಿನವರ ಬಾಯಲ್ಲಿ ಊಹೆ ಆಡಿಸಿದರು ಅಂತ ನನ್ನ ವಾದ. ಎಡ್ಗರ್‌ನ ಅಪ್ಪ ಅವನನ್ನು ‘ಲಾಸ್ಕರ್’ ಇರಬಹುದು ಅನ್ನುತ್ತಾನೆ, ಅಂದರೆ ಹಡಗಿನಲ್ಲಿ ದುಡಿಯುತ್ತಿದ್ದ ನಮ್ಮ ಕಡಲ ಕಡೆಯ ನಾವಿಕ. ನೆಲ್ಲಿ ಸಮಾಧಾನಕ್ಕೆ, ನಿಮ್ಮಪ್ಪ ಚೀನಾದ ದೊರೆ, ಅಮ್ಮ ಇಂಡಿಯಾದ ರಾಣಿ ಇದ್ದಿರಬಹುದು ಅನ್ನುತ್ತಾಳೆ. ಯಾರಿಗೂ ಖಚಿತ ಗೊತ್ತಿಲ್ಲ, ಆದರೂ ಎಲ್ಲರೂ ಅವನನ್ನು ಎಲ್ಲಿ ಕೂರಿಸಬೇಕು ಅಂತ ತೀರ್ಮಾನ ಮಾಡಿಯಾಗಿದೆ. ಇನಿಷಿಯಲ್ ಸೀನ್ ಬರೆದ ಮೇಲೆ ಮೇಷ್ಟ್ರು ಜಗಳ ನಿಲ್ಲಿಸಿದರು.

ಎಡ್ಗರ್ ಮನೆಯವರನ್ನು ಟೊಮೆಟೊ ಮಂಡಿ ಮಾಲೀಕರು ಮಾಡಿದೆವು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದ್ದು ಇಲ್ಲಿ ಮಕ್ಕಳಿಗೂ ನೆನಪಿದೆ. ಆ ವರ್ಷ ಕಟ್ಟಿಸಿದ ಮನೆ ಅಂತ ಒಂದು ಮಾತು ಹಾಕಿದರೆ ಸಾಕು, ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ಅದೇ ಟೊಮೆಟೊ ಬೇರೆ ವರ್ಷಗಳಲ್ಲಿ ರಸ್ತೆ ಬದಿಗೆ ಸುರಿದುಹೋಗಿದೆ. ನಮ್ಮ ಕ್ಯಾಥರಿನ್ ಹೆಸರು ಚಂದ್ರಕಲಾ; ಅವಳ ಅಣ್ಣ, ಅಂದರೆ ನಮ್ಮ ಹಿಂಡ್ಲಿ, ಹಾಗೆ ಸುರಿದು ಸಾಲಕ್ಕೆ ಬಿದ್ದವನು. ಇಸ್ಪೀಟು ಇದ್ದೇ ಇದೆ.

ಹೀತ್‌ಕ್ಲಿಫ್‌ಗೆ ಆ ಮೂರು ವರ್ಷದಲ್ಲಿ ದುಡ್ಡು ಎಲ್ಲಿಂದ ಬಂತು ಅಂತ ಕಾದಂಬರಿ ಹೇಳುವುದಿಲ್ಲ. ನಾವೂ ಹೇಳಲಿಲ್ಲ. ಬಿಳಿ ಕಾರಿನಿಂದ ಇಳಿಯುತ್ತಾನೆ. ನರಸಾಪುರ, ವೇಮಗಲ್ ಸುತ್ತ ಕೈಗಾರಿಕಾ ಪ್ರದೇಶ ಬಂದ ಮೇಲೆ ಹಾಗೆ ಇಳಿದವರನ್ನು ಎಷ್ಟು ಜನ ನೋಡಿಲ್ಲ ನಾವು?

ಅವನು ವಾಪಸ್ ಬರುವ ಸೀನ್ ಹೇಗೆ ಅಂತ ಬಹಳ ದಿನ ತಿಳಿಯಲಿಲ್ಲ. ಮದುವೆಯಾಗಿ ಹೋದ ಹುಡುಗಿಯ ಗಂಡನ ಮನೆಗೆ ಇವನು ಹೋಗಿ ಬಾಗಿಲು ತಟ್ಟುವುದು ನಮ್ಮ ಕಡೆ ನಡೆಯುವ ಮಾತಲ್ಲ. ದಾರಿ ತೋರಿಸಿದ್ದು ಲಚ್ಚುಮಕ್ಕನ ಪಾತ್ರ ಮಾಡಿದ ಅಕ್ಕ. ಅವರು ಹಾಸ್ಟೆಲ್ ಒಂದರಲ್ಲಿ ಅಡುಗೆ ಮಾಡುವವರು. “ಆಷಾಢಕ್ಕೆ ತವರಿಗೆ ಬಂದಿರ್ತಾಳಲ್ಲಮ್ಮ” ಅಂದುಬಿಟ್ಟರು. ಅಷ್ಟೇ! ಹೊಸ ಮದುಮಗಳು ಆಷಾಢದಲ್ಲಿ ಗಂಡನ ಮನೆಯಲ್ಲಿ ಇರುವ ಹಾಗಿಲ್ಲ. ತವರಿಗೆ ಬರುತ್ತಾಳೆ. ಗಾಳಿಯೂ ಆಷಾಢದ್ದೇ. ಮೂರು ವರ್ಷವನ್ನು ಒಂದು ವರ್ಷಕ್ಕೆ ಇಳಿಸಿದೆವು, ಅವನನ್ನು ಆಷಾಢದಲ್ಲಿ ಊರಿಗೆ ಕರೆಸಿದೆವು. ಯಾರ್ಕ್‌ಶೈರ್‌ಗೆ ಇಲ್ಲದ ಅನುಕೂಲ ಇದು.

ಹಾಗಾಗಿ ಶೂಟಿಂಗ್ 2025ರ ಆಷಾಢಕ್ಕೇ ಆಗಬೇಕಾಯಿತು. ಜೂನ್ ಕೊನೆಯಿಂದ ಜುಲೈವರೆಗೆ. ಅಂತರಗಂಗೆ ಬೆಟ್ಟದ ಬಂಡೆಗಳ ಮೇಲೆ ತೆಗೆಯಬೇಕು ಅಂತ ಆಸೆ ಇತ್ತು. ಅದು ಅರಣ್ಯ ಪ್ರದೇಶ, ಅನುಮತಿ ಬೇಕು. ಅರ್ಜಿ ಕೊಟ್ಟೆವು. ಒಂದು ಕಚೇರಿ ಇನ್ನೊಂದು ಕಚೇರಿಗೆ ಕಳಿಸಿತು, ಅದು ಮೊದಲನೆಯದಕ್ಕೇ ವಾಪಸ್ ಕಳಿಸಿತು. ಗಾಳಿ ನಮಗಾಗಿ ಕಾಯುವುದಿಲ್ಲವಲ್ಲ. ಮೇಷ್ಟ್ರ ಪರಿಚಯದ ರೈತರೊಬ್ಬರ ಜಮೀನಿನ ಹಿಂದೆ ಆನೆಗಾತ್ರದ ಗುಂಡುಗಳ ಸಾಲು ಇತ್ತು, ಪಕ್ಕದಲ್ಲಿ ನೀಲಗಿರಿ ತೋಪು. ಅಲ್ಲೇ ಮಾಡಿದೆವು.

ಗಾಳಿಯ ಬಗ್ಗೆ ಒಂದು ವಿಷಯ ಹೇಳಲೇಬೇಕು. ಬೋಳು ಬಂಡೆಯ ಮೇಲೆ ನಿಂತರೆ ಗಾಳಿ ಮೈಗೆ ಹೊಡೆಯುತ್ತೆ, ಸೀರೆ ಹಾರುತ್ತೆ, ಆದರೆ ಮೈಕಿನಲ್ಲಿ ಬರೀ ‘ಬಡಬಡ’ ಅನ್ನುವ ಶಬ್ದ. ಅದು ಗಾಳಿಯ ಸದ್ದಲ್ಲ, ಗಾಳಿ ಮೈಕಿಗೆ ಬಡಿಯುವ ಸದ್ದು. ಮೈಕಿಗೆ ತುಪ್ಪಟದ ಟೋಪಿ ಹಾಕಿದರೆ ಅದು ನಿಲ್ಲುತ್ತೆ, ಗಾಳಿಯೂ ನಿಂತಹಾಗೆ ಆಗುತ್ತೆ. ಗಾಳಿ ಕೇಳಿಸಬೇಕಾದರೆ ಅದು ಯಾವುದರ ಮೂಲಕವಾದರೂ ಹಾದುಹೋಗಬೇಕು. ಎಲೆ, ಹುಲ್ಲು, ತಗಡು, ಬಾಗಿಲ ಸಂದಿ. ನೀಲಗಿರಿ ನೀರು ಕುಡಿಯುವ ಮರ, ಕೋಲಾರವನ್ನು ಹಾಳು ಮಾಡಿದ ಮರ ಅಂತ ಬೈಯದ ರೈತರಿಲ್ಲ. ನಾನೂ ಬೈದಿದ್ದೇನೆ. ಆದರೆ ಗಾಳಿಗೆ ಅದರಷ್ಟು ಒಳ್ಳೆಯ ಗಂಟಲು ಬೇರೆ ಮರಕ್ಕಿಲ್ಲ. ಸೌಂಡ್ ನೋಡಿಕೊಳ್ಳುತ್ತಿದ್ದ ಹುಡುಗಿ ನಟರಿಲ್ಲದಾಗ ತೋಪಿನಲ್ಲಿ ಒಬ್ಬಳೇ ಕೂತು ಗಂಟೆಗಟ್ಟಲೆ ರೆಕಾರ್ಡ್ ಮಾಡಿಕೊಂಡಳು. ದೂರದ ಕ್ರಷರ್ ನಿಲ್ಲುವುದು ಮಧ್ಯಾಹ್ನ ಊಟಕ್ಕೆ ಮಾತ್ರ. ಅವಳ ಊಟ ದಿನಾ ತಣ್ಣಗಾಯಿತು.

ಮನೆ ಸಿಕ್ಕಿದ್ದು ಹತ್ತಿರದ ಹಳ್ಳಿಯಲ್ಲಿ. ಮಾಲೂರು ಹೆಂಚಿನ ಹಳೇ ತೊಟ್ಟಿಮನೆ. ಮಕ್ಕಳು ಬೆಂಗಳೂರಲ್ಲಿ, ಮನೆಯಲ್ಲಿ ಅಜ್ಜಿ ಒಬ್ಬರೇ. ಬಾಡಿಗೆ ಬೇಡ, ಮುಗಿದ ಮೇಲೆ ಸುಣ್ಣ ಹೊಡೆಸಿಕೊಡಿ ಅಂದರು. ಮೊದಲ ದಿನ ಕಾಫಿ ಕೊಟ್ಟರು, ಎಲ್ಲರಿಗೂ ಪೇಪರ್ ಕಪ್‌ನಲ್ಲೇ. ಅದರಲ್ಲಿ ನಾನು ಯಾವ ಅರ್ಥವನ್ನೂ ಹುಡುಕಲು ಹೋಗುವುದಿಲ್ಲ. ನಾವು ಬಹಳ ಜನ ಇದ್ದೆವು.

ದೊಡ್ಡ ಮುನಿರಾಜು ಪಾತ್ರ ಮಾಡುತ್ತಿದ್ದವನು ನನ್ನ ಹಳೇ ವಿದ್ಯಾರ್ಥಿ. ಈಗ ಕೊರಿಯರ್ ಕೆಲಸ. ಅಜ್ಜಿ ಅವನನ್ನು ಕರೆದು ಯಾವೂರಪ್ಪ ಅಂದರು. ಹೇಳಿದ. ಆ ಊರಲ್ಲಿ ಯಾವ ಬೀದಿ ಅಂದರು. ಅವನು ನಕ್ಕ. “ಅಜ್ಜಿ, ನಮ್ ಸ್ಕ್ರಿಪ್ಟಲ್ಲೂ ಇದೇ ಡೈಲಾಗ್ ಐತೆ, ಇಷ್ಟು ಚೆನ್ನಾಗಿಲ್ಲ ಅಷ್ಟೇ.” ಅಜ್ಜಿಗೆ ಏನು ಅರ್ಥವಾಯಿತೋ, ಅವರೂ ನಕ್ಕರು. ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಅವನು ನನ್ನ ಹತ್ತಿರ ಬಂದು, “ಮೇಡಂ, ಪೈಕಿ ಅನ್ನೋದು ತೆಗೀರಿ. ಯಾವ ಬೀದಿ ಅಂತಾನೇ ಕೇಳ್ಸಿ. ಈಗ ಹಂಗೇ ಕೇಳೋದು” ಅಂದ. ಒಂದು ಕಡೆ ಹಾಗೇ ಬದಲಾಯಿಸಿದೆವು. ಆ ಮಾತನ್ನು ಸಿನಿಮಾದಲ್ಲಿ ಹೇಳುವವರು ಯಾರು ಅಂದರೆ, ಆ ಅಜ್ಜಿಯೇ. ಕೇಳಿದ ತಕ್ಷಣ ಒಪ್ಪಿಕೊಂಡರು. ಕ್ಯಾಮೆರಾ ಮುಂದೆ ಒಂದು ಚೂರೂ ಅಳುಕಲಿಲ್ಲ.

ಇನ್ನು ಅಡುಗೆಮನೆ ಸೀನ್. ಇಡೀ ಕಾದಂಬರಿ ನಿಂತಿರುವುದು ಒಂಬತ್ತನೇ ಅಧ್ಯಾಯದ ಈ ಸೀನ್ ಮೇಲೆ. ಕ್ಯಾಥರಿನ್ ನೆಲ್ಲಿಯ ಹತ್ತಿರ ಮನಸ್ಸು ಬಿಚ್ಚಿಕೊಳ್ಳುತ್ತಾಳೆ. ಹೀತ್‌ಕ್ಲಿಫ್‌ನನ್ನು ಮದುವೆಯಾದರೆ ತನ್ನ ಅಂತಸ್ತಿಗೆ ಕಡಿಮೆ ಅನ್ನುತ್ತಾಳೆ. ಬೆಂಚಿನ ಹಿಂದೆ ಅವನು ಮಲಗಿರುವುದು ಅವಳಿಗೆ ಗೊತ್ತಿಲ್ಲ. ಅವನು ಅಷ್ಟು ಕೇಳಿ ಎದ್ದು ಹೋಗುತ್ತಾನೆ. ಅವನು ಹೋದ ಮೇಲೆ ಅವಳು ಹೇಳುವುದೇ ಪ್ರಪಂಚದ ಕಾಲೇಜುಗಳಲ್ಲೆಲ್ಲಾ ಉರು ಹೊಡೆಸುವ ಆ ಮಾತುಗಳು, ತಾನೇ ಹೀತ್‌ಕ್ಲಿಫ್ ಅನ್ನುವಷ್ಟು ಅವನು ತನ್ನೊಳಗಿದ್ದಾನೆ ಅಂತ. ಎಲ್ಲಾ ಸಿನಿಮಾಗಳಲ್ಲೂ ನಟಿಯರು ಕಾಯುವುದು ಆ ಡೈಲಾಗಿಗೆ.

ನಮ್ಮ ಸಿನಿಮಾದಲ್ಲಿ ಅದು ಕೇಳಿಸುವುದಿಲ್ಲ. ಇದು ನಾನು ಪಟ್ಟು ಹಿಡಿದು ಮಾಡಿಸಿದ್ದು. ಲಚ್ಚುಮಕ್ಕ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಾಳೆ. ಚಂದ್ರಕಲಾ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದಾಳೆ. ಮುನಿರಾಜು ಹಿತ್ತಿಲ ಬಾಗಿಲಾಚೆ ಕೂತಿದ್ದಾನೆ, ಹೊಸಿಲು ದಾಟುವ ಹಾಗಿಲ್ಲ. ಕ್ಯಾಮೆರಾ ಅವನ ಹಿಂದೆ. ಮೈಕೂ ಅವನ ಹತ್ತಿರ. ಅವನಿಗೆ ಕೇಳಿಸಿದಷ್ಟೇ ನಮಗೂ ಕೇಳಿಸಬೇಕು. “ಅವನ್ನ ಮಾಡ್ಕೊಂಡ್ರೆ ಊರಲ್ಲಿ ತಲೆ ಎತ್ಕೊಂಡು ಓಡಾಡಾಕಾಗ್ತದಾ?” ಅನ್ನುವವರೆಗೆ ಅವನು ಕೂತಿರುತ್ತಾನೆ. ಆಮೇಲೆ ಎದ್ದು ತೋಪಿನ ಕಡೆ ನಡೆಯುತ್ತಾನೆ. ಒಳಗೆ ಅವಳು ಇನ್ನೂ ಮಾತಾಡುತ್ತಿದ್ದಾಳೆ. ಧ್ವನಿ ಇದೆ, ಮಾತು ತಿಳಿಯುವುದಿಲ್ಲ. ಮೊದಲು ಕೋಲಿನ ಸದ್ದು ಹೋಗುತ್ತೆ, ಆಮೇಲೆ ಅವಳ ಧ್ವನಿ, ಆಮೇಲೆ ಗಾಳಿ.

ಚಂದ್ರಕಲಾ ಪಾತ್ರದ ಹುಡುಗಿಗೆ ಸಿಟ್ಟು ಬಂತು. ಬರದೆ ಇರುತ್ತಾ? ಆ ಮಾತುಗಳನ್ನು ಅವಳು ಕೋಲಾರದ ಭಾಷೆಯಲ್ಲಿ ತಾನೇ ಬರೆದುಕೊಂಡು ಬಂದಿದ್ದಳು, ತೆಲುಗು ಸೇರಿಸಿ, ಬಹಳ ಚೆನ್ನಾಗಿ. “ಯಾರಿಗೂ ಕೇಳ್ಸಲ್ಲ ಅಂದ್ರೆ ನಾನ್ಯಾಕೆ ಹೇಳ್ಬೇಕು?” ಅಂದಳು. ಹೇಳಲೇಬೇಕು, ಸುಮ್ಮನೆ ಬಾಯಿ ಆಡಿಸಿದರೆ ದೂರದಿಂದ ಬರುವ ಧ್ವನಿಯಲ್ಲೂ ಸುಳ್ಳು ಗೊತ್ತಾಗುತ್ತೆ ಅಂತ ಸೌಂಡ್ ಹುಡುಗಿ ಹೇಳಿದಳು. ಪ್ರತಿ ಟೇಕಿನಲ್ಲೂ ಅವಳು ಪೂರ್ತಿ ಹೇಳಿದಳು. ಪ್ರತಿ ಸಲವೂ ಲಚ್ಚುಮಕ್ಕನ ಪಾತ್ರದ ಅಕ್ಕ ಕಣ್ಣು ಒರೆಸಿಕೊಂಡರು. ಹೊಗೆ ಅಂದರು. ಅವರಿಗೆ ಇನ್ನೊಂದು ಹಟ. ಕ್ಯಾಮೆರಾಗೆ ಕಾಣಿಸಲಿ ಬಿಡಲಿ, ಮುದ್ದೆ ಗಂಟಾಗಬಾರದು. ಟೇಕ್ ಮುಗಿದರೂ ಕೋಲು ಬಿಡುತ್ತಿರಲಿಲ್ಲ. ಆವತ್ತು ನಾವೆಲ್ಲಾ ಮೂರು ಹೊತ್ತೂ ಮುದ್ದೆ, ಬಸ್ಸಾರು ತಿಂದೆವು.

ಡ್ರೋನ್ ಅಣ್ಣ ಈ ಸೀನಿನ ಕೊನೆಗೆ ಮೇಲಿಂದ ಒಂದು ಶಾಟ್ ಬೇಕೇ ಬೇಕು ಅಂತ ಹಟ ಹಿಡಿದರು. ಹುಡುಗ ಒಬ್ಬನೇ ನಡೆಯುತ್ತಿದ್ದಾನೆ, ಸುತ್ತ ಬಂಡೆ. ಅವರು ಅದನ್ನು ತೆಗೆದೂ ತೆಗೆದರು. ಚೆನ್ನಾಗಿಯೇ ಬಂದಿದೆ. ಆದರೆ ಅಷ್ಟು ಎತ್ತರದಿಂದ ನೋಡುತ್ತಿರುವವರು ಯಾರು? ದೇವರಾ? ಎಡಿಟಿಂಗ್‌ನಲ್ಲಿ ಅದನ್ನು ತೆಗೆದೆ. ಅವರು ಅದನ್ನು ತಮ್ಮ ಸ್ಟೇಟಸ್‌ಗೆ ಹಾಕಿಕೊಂಡರು, ಮೇಲೆ ಪಿಟೀಲಿನ ದುಃಖದ ಮ್ಯೂಸಿಕ್ ಬೇರೆ. ಅದಕ್ಕೆ ಬಂದ ಮೆಚ್ಚುಗೆ ನಮ್ಮ ಸಿನಿಮಾಗೆ ಬಂದರೆ ಸಾಕಪ್ಪಾ.

2026ರ ಫೆಬ್ರವರಿಯಲ್ಲಿ ಫೆನೆಲ್ ಅವರ ಸಿನಿಮಾ ಬಂತು. ಹುಡುಗರು ಬೆಂಗಳೂರಿಗೆ ಹೋಗಿ ನೋಡಿಕೊಂಡು ಬಂದರು, ನಾನೂ ಹೋದೆ. ಶೀರ್ಷಿಕೆಯನ್ನೇ ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದಾರೆ, ಇದು ಪುಸ್ತಕವಲ್ಲ, ಪುಸ್ತಕದ ನನ್ನ ಓದು ಅನ್ನುವ ಹಾಗೆ. ಪಾಪ್ ಗಾಯಕಿ ಚಾರ್ಲಿ ಎಕ್ಸ್‌ಸಿಎಕ್ಸ್ ಅವರ ಹಾಡುಗಳು, ಕಣ್ಣು ಕುಕ್ಕುವ ಬಟ್ಟೆಬರೆ. ಹೀತ್‌ಕ್ಲಿಫ್ ಬಿಳಿಯ. ಅವನ ಎದುರಾಳಿ ಎಡ್ಗರ್ ಪಾತ್ರಕ್ಕೆ ಪಾಕಿಸ್ತಾನಿ ಮೂಲದ ಶಾಜಾದ್ ಲತೀಫ್! ಅಂದರೆ ಬಣ್ಣ ಅದಲುಬದಲು. ನಮ್ಮ ಹುಡುಗರಲ್ಲಿ ಎರಡು ಪಂಗಡ ಆಯಿತು. ಒಬ್ಬಳು, “ಅವರಿಷ್ಟ ಮೇಡಂ, ಪುಟ್ಟಣ್ಣ ಕಣಗಾಲ್ ಮೂರು ಕಾದಂಬರಿ ಸೇರಿಸಿ ಒಂದು ‘ನಾಗರಹಾವು’ ಮಾಡ್ಲಿಲ್ವಾ” ಅಂದಳು. ನಿಜ. ತರಾಸು ಅವರಿಗೆ ಆ ಸಿನಿಮಾ ಹಿಡಿಸಲಿಲ್ಲ ಅನ್ನುವುದೂ ನಿಜ, ಜನಕ್ಕೆ ಹಿಡಿಸಿತು ಅನ್ನುವುದೂ ನಿಜ. ಧೈರ್ಯದ ರೂಪಾಂತರ ಅಂದರೆ ನನ್ನ ಲೆಕ್ಕದಲ್ಲಿ ಮೈ ತೋರಿಸುವುದಲ್ಲ. ಪುಸ್ತಕದಲ್ಲಿ ಎಲ್ಲಿ ನೋವಿದೆಯೋ ಅಲ್ಲಿ ಕೈ ಇಡುವುದು. ಫೆನೆಲ್ ಆಸೆಯ ಮೇಲೆ ಕೈ ಇಟ್ಟರು. ಆರ್ನಲ್ಡ್ ಚರ್ಮದ ಮೇಲೆ ಇಟ್ಟರು. ಎರಡರಲ್ಲಿ ನನ್ನ ಓಟು ಆರ್ನಲ್ಡ್‌ಗೆ.

ನಮ್ಮ ಸಿನಿಮಾವನ್ನು ಮೊದಲು ತೋರಿಸಿದ್ದು ಆ ತೊಟ್ಟಿಮನೆಯಲ್ಲೇ. ಗೋಡೆಗೆ ಸುಣ್ಣ ಹೊಡೆಸಿದ್ದೆವು, ಅದರ ಮೇಲೇ ಪ್ರೊಜೆಕ್ಟರ್ ಬಿಟ್ಟೆವು. ಊರಿನವರು ತುಂಬಿಕೊಂಡರು. ಅಜ್ಜಿಯ ಡೈಲಾಗಿಗೆ ಶಿಳ್ಳೆ ಬಿತ್ತು. ಅಡುಗೆಮನೆ ಸೀನಿಗೆ ಯಾರೂ ಉಸಿರೆತ್ತಲಿಲ್ಲ. ನನಗೆ ಒಳಗೊಳಗೇ ಖುಷಿ.

ಮುಗಿದ ಮೇಲೆ ಜಮೀನು ಕೊಟ್ಟಿದ್ದ ರೈತರು ಎದ್ದು ನಿಂತರು. “ಎಲ್ಲಾ ಸರಿ ಮೇಡಂ. ಮನೆ ಆ ಹುಡುಗನ ಹೆಸರಿಗೆ ರಿಜಿಸ್ಟರ್ ಆಯ್ತಾ ಇಲ್ವಾ?” ಅವಳ ಅಣ್ಣ ಸಾಲ ತೀರಿಸಲಾಗದೆ ಬಿಟ್ಟುಕೊಟ್ಟ ಅಂದೆ. “ಬರೀ ಕೈಸಾಲಕ್ಕೆ ಮನೆ ಹೆಂಗೆ ಬರ್ತದೆ? ಅಗ್ರಿಮೆಂಟ್ ಮಾಡ್ಕೊಂಡಿದ್ನಾ? ಅಡಮಾನ ಪತ್ರ ಇತ್ತಾ? ಆ ಹುಡುಗಿಗೂ ಅಪ್ಪನ ಆಸ್ತೀಲಿ ಭಾಗ ಇದೆಯಲ್ಲ, ಅವಳ ಸೈನ್ ಎಲ್ಲಿ?” ಪಕ್ಕದವರು, ಪಹಣಿ ಯಾರ ಹೆಸರಲ್ಲಿದೆ ಅಂತ ಮೊದಲು ನೋಡಬೇಕು ಅಂದರು. ಇನ್ನೊಬ್ಬರು, ಇಸಿ (ಋಣಭಾರ ಪತ್ರ) ತೆಗೆಸಿದರೆ ಎಲ್ಲಾ ಗೊತ್ತಾಗುತ್ತೆ ಅಂದರು. ರಾತ್ರಿ ಹತ್ತೂವರೆಯವರೆಗೆ ಇದೇ ಚರ್ಚೆ. ಪ್ರೇಮದ ಬಗ್ಗೆ ಒಬ್ಬರೂ ಒಂದು ಮಾತಾಡಲಿಲ್ಲ.

ಹುಡುಗರಿಗೆ ಬೇಜಾರಾಯಿತು. ನನಗೆ ಆಗಲಿಲ್ಲ. 1926ರಲ್ಲಿ ಸಿ. ಪಿ. ಸ್ಯಾಂಗರ್ ಅನ್ನುವ ಇಂಗ್ಲಿಷ್ ವಕೀಲರು ಈ ಕಾದಂಬರಿ ಓದಿ ಮಾಡಿದ್ದೂ ಇದನ್ನೇ. ಯಾವ ಆಸ್ತಿ ಯಾವ ಕಾನೂನಿನಲ್ಲಿ ಹೀತ್‌ಕ್ಲಿಫ್‌ಗೆ ಬಂತು, ಯಾವುದು ಅಡಮಾನ, ಯಾವುದು ಮದುವೆಯಿಂದ ಬಂದದ್ದು, ಯಾವುದಕ್ಕೆ ಅವನಿಗೆ ನಿಜವಾಗಿ ಹಕ್ಕೇ ಇರಲಿಲ್ಲ ಅಂತ ಒಂದೊಂದಾಗಿ ಬಿಡಿಸಿಟ್ಟರು. ಬ್ರಾಂಟೆ ಆ ಕಾನೂನನ್ನು ಎಷ್ಟು ಚೆನ್ನಾಗಿ ತಿಳಿದಿದ್ದರು ಅಂತ ಆಮೇಲೆ ಎಲ್ಲರೂ ಬೆರಗಾದರು. ನಮ್ಮ ರೈತರು ಅದನ್ನು ಒಂದೇ ಸಲ ನೋಡಿ ಹಿಡಿದರು.

ಅವರು ಹೇಳಿದ್ದು ಸರಿ ಅನ್ನಿಸಿತು. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ, ಪತ್ರ ಬರೆಯುವವರ ಟೇಬಲ್ಲಿನ ಹತ್ತಿರ ಒಂದು ಚಿಕ್ಕ ಸೀನ್ ಸೇರಿಸುತ್ತಿದ್ದೇವೆ. ಚಂದ್ರಕಲಾ ಅಣ್ಣನ ಪಕ್ಕ ನಿಂತು ಒಪ್ಪಿಗೆ ಸಹಿ ಹಾಕುತ್ತಾಳೆ, ಕೊಳ್ಳುವವನ ಜಾಗದಲ್ಲಿ ಇನಿಷಿಯಲ್ ಇಲ್ಲದ ಹೆಸರು. ಆ ಹುಡುಗಿಗೆ ಇದರಲ್ಲಿ ಒಂದೇ ಒಂದು ಡೈಲಾಗೂ ಇಲ್ಲ, ಆದರೂ ಈ ಸಲ ಅವಳು ತಕರಾರು ಮಾಡಲಿಲ್ಲ. ಈಗಿರುವ ತೊಂದರೆ ಒಂದೇ. ಸೀನಿಗೆ ಒಂದು ಇ-ಸ್ಟಾಂಪ್ ಪೇಪರ್ ಬೇಕು. ನಕಲಿ ಪ್ರಿಂಟ್ ಮಾಡಿಕೊಡಿ, ಸಿನಿಮಾಕ್ಕೆ ಅಂದರೆ ಪ್ರಿಂಟಿಂಗ್ ಅಂಗಡಿಯವರು ಕೈಮುಗಿಯುತ್ತಾರೆ. “ಮೇಡಂ, ಲಗ್ನಪತ್ರಿಕೆ ಎಷ್ಟು ಬೇಕಾದ್ರೂ ಮಾಡ್ಕೊಡ್ತೀನಿ. ಇದೊಂದು ಕೇಳ್ಬೇಡಿ.”